ಜಾವಾ–ಯೆಜ್ಡಿ 250: ವರ್ಷಗಟ್ಟಲೆ ನಿಂತ ಗಾಡಿಗೆ ಮೊದಲ ಕಿಕ್ ಹೊಡೆಯುವ ಮುಂಚೆ

ಹಳೇಚಕ್ರ:
1968ರ ಜಾವಾ 250. ಹದಿನಾಲ್ಕು ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ಟ್ಯಾಂಕಿನೊಳಗೆ ತುಕ್ಕು, ಬ್ಯಾಟರಿ ಇಲ್ಲ, ಕಿಕ್ ಅರ್ಧಕ್ಕೆ ಇಳಿದು ಬಿಗಿಯಾಗಿ ನಿಲ್ಲುತ್ತೆ. ಎರಡೂ ಸೈಲೆನ್ಸರ್ ಒರಿಜಿನಲ್, ಟ್ಯಾಂಕಿನ ಪಕ್ಕದ ಕ್ರೋಮ್ ಮುಕ್ಕಾಲು ಪಾಲು ಉಳಿದಿದೆ. ಎಲ್ಲ ಕೆಲಸಕ್ಕೂ ಒಂದೇ ಸಲ ದುಡ್ಡು ಹಾಕೋಕೆ ಆಗಲ್ಲ. ಪೇಂಟ್ ಮೊದಲೋ, ಎಂಜಿನ್ ಮೊದಲೋ? ಮೆಕ್ಯಾನಿಕ್ ಹತ್ರ ಒಯ್ಯೋ ಮುಂಚೆ ಮನೇಲೇ ನೋಡಬಹುದಾದ್ದು ಏನೇನು? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಡಬಲ್‌ಸೈಲೆನ್ಸರ್:
ಎಂಜಿನ್ ಮೊದಲು, ಪೇಂಟ್ ಕೊನೆಗೆ. ಟ್ಯಾಂಕಿಗೆ ಮರೂನ್ ಹೊಡೆಸಿ ಚಿನ್ನದ ಗೆರೆ ಎಳೆಸಿದ ಮೇಲೆ ಒಳಗಿನ ತುಕ್ಕಿಗೆ ಆಸಿಡ್ ಹಾಕಿದ್ರೆ ಮುಚ್ಚಳದ ಸುತ್ತ ಪೇಂಟ್ ಎದ್ದು ಬರುತ್ತೆ. ಆಮೇಲೆ ಎಂಜಿನ್ ಇಳಿಸುವಾಗ ಫ್ರೇಮು ಗೀಚುತ್ತೆ. ಈ ಗಾಡಿಗಳನ್ನ ಉಳಿಸೋದು ಮೂರೇ ಮೂರು: ಕ್ರ್ಯಾಂಕಿನ (ಪಿಸ್ಟನ್ ಕೆಳಗೆ ತಿರುಗೋ ದಂಡ) ಆಯಿಲ್ ಸೀಲು, ಸರಿಯಾಗಿ ಚಾರ್ಜ್ ಆಗೋ ಬ್ಯಾಟರಿ, ಪೆಟ್ರೋಲಿಗೆ ಸರಿಯಾದ ಅಳತೆಯ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ ಆದ್ರಿಂದ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು). ಇವು ಸರಿ ಇದ್ರೆ ಉಳಿದದ್ದಕ್ಕೆ ನಿಧಾನವಾಗಿ ಖರ್ಚು ಮಾಡಬಹುದು.

ಕಿಕ್ ಅರ್ಧಕ್ಕೆ ನಿಂತರೆ ಎಂಜಿನ್ ಜಾಮ್ ಅಂತ ತಕ್ಷಣ ತೀರ್ಮಾನ ಮಾಡಬೇಡಿ. ಪ್ಲಗ್ ಬಿಚ್ಚಿ, ನಾಲ್ಕನೇ ಗೇರಿಗೆ ಹಾಕಿ, ಸೆಂಟರ್ ಸ್ಟ್ಯಾಂಡ್ ಮೇಲೆ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಎಂಜಿನ್ ಪೂರ್ತಿ ಸುತ್ತಿದರೆ ತೊಂದರೆ ಕಿಕ್ ಗೇರಿನಲ್ಲಿದೆ. ಚಕ್ರವೂ ಅಲ್ಲೇ ನಿಂತರೆ ಪಿಸ್ಟನ್ ಇಲ್ಲವೇ ಕ್ರ್ಯಾಂಕ್ ಬೇರಿಂಗ್. ಲಿವರ್ ಮೇಲೆ ನಿಂತು ತುಳಿಯೋದು ಮಾತ್ರ ಬೇಡವೇ ಬೇಡ. ಗೇರು ಮತ್ತು ಕಿಕ್ ಎರಡಕ್ಕೂ ಒಂದೇ ಲಿವರ್ ಇರೋ ಎಂಜಿನ್ ಇದು. ಒಳಗಿನ ಹಲ್ಲು ಮುರಿದರೆ ಎಡಗಡೆ ಕವರ್ ಪೂರ್ತಿ ಬಿಚ್ಚಬೇಕಾಗುತ್ತೆ.

ಹುಬ್ಬಳ್ಳಿ_ಕಿಕ್ಕರ್:
ಇದಕ್ಕ ಒಂದು ಮಾತು ಸೇರಸ್ತೀನ್ರಿ. ಪಿಸ್ಟನ್ ಹಿಡಕೊಂಡಿದ್ರ ಹೆಡ್ ಬಿಚ್ಚೂಕಿಂತ ಮೊದಲ ಮುಂದಿನ ಎರಡೂ ಸೈಲೆನ್ಸರ್ ಪೈಪ್ ತಗೀರಿ. ಈ 250ಕ್ಕ ಒಂದ ಸಿಲಿಂಡರ್, ಆದ್ರ ಎಕ್ಸಾಸ್ಟ್ ಪೋರ್ಟ್ ಎರಡು. ಟಾರ್ಚ್ ಹಿಡದು ಒಳಗ ನೋಡಿದ್ರ ಪಿಸ್ಟನ್ ಪಕ್ಕ, ರಿಂಗ್ ಎಲ್ಲಾ ಕಾಣಸ್ತದ. ಉದ್ದುದ್ದಕ ಗೀರು ಬಿದ್ದಿದ್ರ ಅದು ಹಿಂದ ಯಾವಾಗೋ ಬಿಸಿಗೆ ಸೀಝ್ ಆಗಿದ್ದು (ಪಿಸ್ಟನ್ ಹಿಡಕೊಂಡಿದ್ದು), ರೀಬೋರ್ (ಸಿಲಿಂಡರ್ ಒಳಗ ಕೆತ್ತಿ ಹಿಗ್ಗಸೂದು) ತಪ್ಪಂಗಿಲ್ಲ. ಬರೇ ಕೆಂಪು ತುಕ್ಕು ಇದ್ರ ಆಸೆ ಇಟ್ಕೋರಿ.

ಎಟಿಎಫ್ ಆಯಿಲ್ (ಆಟೋಮ್ಯಾಟಿಕ್ ಗೇರಿನ ಗಾಡಿದು) ಮತ್ತ ಅಸಿಟೋನ್ ಅರ್ಧಂಬರ್ಧ, ಒಟ್ಟ 50 ಎಂಎಲ್, ಪ್ಲಗ್ ತೂತಿನ್ಯಾಗ ಹಾಕಿ ಎರಡ್ಮೂರು ದಿನ ಬಿಡ್ರಿ. ಬೀಡಿ, ಬೆಂಕಿ ಹತ್ರ ತರಬ್ಯಾಡ್ರಿ, ಅಸಿಟೋನ್ ಭಾಳ ಲಗೂ ಹತ್ತತದ. ಆಮ್ಯಾಲ ಹಿಂದಿನ ಗಾಲಿ ಹಿಂದ ಮುಂದ ಅಲ್ಲಾಡಸ್ರಿ, ಒಂದ ಕಡೆ ಜೋರ್ ಮಾಡಬ್ಯಾಡ್ರಿ. ಯಾಕಂದ್ರ ಅಂಟಿಕೊಂಡ ರಿಂಗ್ ಪೋರ್ಟಿನ ಅಂಚಿಗೆ ಸಿಕ್ಕು ಮುರದ್ರ ಆ ತುಂಡು ಬೋರ್ ಕೆರಕೊಂಡ ಹೋಗ್ತದ. ಬಿಟ್ಟಿತು ಅಂದ್ರ ಪ್ಲಗ್ ಹಾಕೂಕಿಂತ ಮೊದಲ ತೂತಿನ ಮ್ಯಾಲೆ ಬಟ್ಟಿ ಹಿಡದು ಹತ್ತು ಸಲ ಕಿಕ್ ಹೊಡದು ಒಳಗಿನ ಎಣ್ಣೆ ಹೊರಗ ಹಾಕ್ರಿ.

ಯಾದವಗಿರಿ61:
ಗೇರ್ ಬಾಕ್ಸ್ ಆಯಿಲ್ ಇಳಿಸಿ ನೋಡಿ. 1 ಲೀಟರ್ ಹಿಡಿಯುತ್ತೆ. ಎಷ್ಟು ಬಂತು, ಹೇಗೆ ವಾಸನೆ ಬರುತ್ತೆ, ಬಣ್ಣ ಏನು, ಮೂರೂ ಬರೆದಿಟ್ಟುಕೊಳ್ಳಿ. ಕಾಫಿಗೆ ಹಾಲು ಹಾಕಿದ ಹಾಗಿದ್ದರೆ ನೀರು ಸೇರಿದೆ. ಸ್ಕ್ರೂ ತುದಿಯಲ್ಲಿ ಹೊಳೆಯುವ ಪುಡಿ ಸ್ವಲ್ಪ ಇದ್ದರೆ ಚಿಂತೆಯಿಲ್ಲ, ಚೂರು ಚೂರು ಲೋಹ ಬಂದರೆ ಬಿಚ್ಚಲೇಬೇಕು.

ಹೊಸ ಆಯಿಲ್ ಕಾರಿನದು ಹಾಕಬೇಡಿ. ಹಳೇ ಜಾವಾದ ಕ್ಲಚ್ ಪ್ಲೇಟಿನಲ್ಲಿ ಕಾರ್ಕ್ ತುಂಡುಗಳಿರುತ್ತವೆ, ಅವು ಅದೇ ಆಯಿಲಿನಲ್ಲಿ ಮುಳುಗಿ ಕೆಲಸ ಮಾಡುತ್ತವೆ. ಕಾರಿನ ಆಯಿಲಿನಲ್ಲಿ ಜಾರಿಸುವ ರಾಸಾಯನಿಕ ಇರುತ್ತೆ, ಕ್ಲಚ್ ಜಾರುತ್ತೆ. ಬೈಕಿನ 20ಡಬ್ಲ್ಯು-40, ಡಬ್ಬದ ಮೇಲೆ ಜಾಸೋ ಎಂಎ ಅಂತ ಇರುವುದು, ಅಥವಾ ಸಾದಾ ಎಸ್‌ಎಇ 40 ಸಾಕು. ಹೊಸ ಕಾರ್ಕ್ ಪ್ಲೇಟ್ ಹಾಕುವುದಾದರೆ ಹಿಂದಿನ ರಾತ್ರಿಯೇ ಆಯಿಲಿನಲ್ಲಿ ನೆನೆಹಾಕಿ. ಒಣ ಕಾರ್ಕ್ ಹಾಕಿದರೆ ಮೊದಲ ಕಿಲೋಮೀಟರಿನಲ್ಲೇ ಸುಟ್ಟು ಕಪ್ಪಾಗುತ್ತೆ.

ಇಷ್ಟು ವರ್ಷ ನಿಂತ ಗಾಡಿಯಲ್ಲಿ ಪ್ಲೇಟುಗಳು ಒಂದಕ್ಕೊಂದು ಅಂಟಿರುವ ಸಾಧ್ಯತೆಯೂ ಇದೆ. ಸ್ಟಾರ್ಟ್ ಮಾಡಿ ಗೇರಿಗೆ ಹಾಕಿದ ತಕ್ಷಣ ಗಾಡಿ ಮುಂದಕ್ಕೆ ಹಾರುತ್ತೆ. ಅದಕ್ಕೇ ಕ್ಲಚ್ ಲಿವರ್ ಹಿಡಿಗೆ ಒತ್ತಿ ಸೈಕಲ್ ಟ್ಯೂಬಿನ ತುಂಡಿನಿಂದ ಕಟ್ಟಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಗೇರಿನಲ್ಲಿಟ್ಟು ಗಾಡಿ ಹಿಂದೆ ಮುಂದೆ ತಳ್ಳಿದರೆ ಬಿಡುತ್ತೆ.

ಪಾಯಿಂಟ್_ನಾಲ್ಕು:
ಕರೆಂಟಿನ ವಿಷಯ ನಾನು ಬರೀತೀನಿ. ಜಾವಾ ಸ್ಟಾರ್ಟ್ ಆಗಲ್ಲ ಅನ್ನೋ ದೂರುಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟೋದು.

ಇದು 6 ವೋಲ್ಟ್ ಗಾಡಿ, ಡೈನಮೊ 45 ವ್ಯಾಟ್. ಇಗ್ನಿಷನ್ ಬ್ಯಾಟರಿಯಿಂದಲೇ. ಬ್ಯಾಟರಿ ಸತ್ತಿದ್ರೆ ಎಷ್ಟು ಕಿಕ್ ಹೊಡೆದರೂ ಕಿಡಿ ಬರಲ್ಲ. ಪೂರ್ತಿ ಚಾರ್ಜ್ ಆದ 6 ವೋಲ್ಟ್ ಬ್ಯಾಟರಿ ಎರಡು ಗಂಟೆ ಸುಮ್ಮನೆ ಇಟ್ಟ ಮೇಲೂ 6.3ರಿಂದ 6.4 ತೋರಿಸಬೇಕು. 6.0 ಇದ್ರೆ ಸುಮಾರು ಮುಕ್ಕಾಲು ಪಾಲು ಖಾಲಿ. ಎಂಜಿನ್ ಓಡುವಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಬ್ಯಾಟರಿ ಮೇಲೆ ಮಲ್ಟಿಮೀಟರ್ ಇಡಿ, 7ರಿಂದ 7.4 ಬರಬೇಕು. 6.3ರಲ್ಲೇ ನಿಂತರೆ ಚಾರ್ಜ್ ಆಗ್ತಿಲ್ಲ. 8 ದಾಟಿದ್ರೆ ರೆಗ್ಯುಲೇಟರ್ ಪಾಯಿಂಟ್ ಅಂಟಿದೆ, ಬಲ್ಬು ಮತ್ತು ಬ್ಯಾಟರಿ ಎರಡೂ ಹೋಗುತ್ತವೆ.

ಚಾರ್ಜ್ ಆಗದಿದ್ರೆ ಡೈನಮೊ ಬಿಚ್ಚೋ ಮುಂಚೆ ಕಾರ್ಬನ್ ಬ್ರಷ್ ನೋಡಿ. ಹೋಲ್ಡರಿನಲ್ಲಿ ಸಲೀಸಾಗಿ ಜಾರಬೇಕು, ಸ್ಪ್ರಿಂಗ್ ಒತ್ತುತ್ತಿರಬೇಕು. ಕಮ್ಯುಟೇಟರಿನ (ಬ್ರಷ್ ತಾಗಿ ತಿರುಗೋ ಭಾಗ) ತಾಮ್ರ ಕಪ್ಪಾಗಿದ್ರೆ ನಯವಾದ ಗಾಜುಪೇಪರಿನಿಂದ ಉಜ್ಜಿ. ಎಮರಿ ಪೇಪರ್ ಬೇಡ, ಅದರ ಗಟ್ಟಿ ಹುಡಿ ತಾಮ್ರದಲ್ಲಿ ಕಚ್ಚಿಕೊಂಡು ಬ್ರಷ್ ಸವೆಸುತ್ತೆ. ತಾಮ್ರದ ಪಟ್ಟಿಗಳ ನಡುವಿನ ಸಂದು ಹಳೇ ಹ್ಯಾಕ್ಸಾ ಬ್ಲೇಡಿನ ತುದಿಯಿಂದ ಅರ್ಧ ಮಿಲಿಮೀಟರ್ ಆಳಕ್ಕೆ ಕೆರೆದು ಬ್ರಷ್‌ನಿಂದ ಕೊಡವಿ.

ಪಾಯಿಂಟ್ ಅಂದ್ರೆ ಕಿಡಿ ಹುಟ್ಟಿಸೋಕೆ ತೆರೆದು ಮುಚ್ಚೋ ಸ್ವಿಚ್ಚು. ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಪ್ಲಗ್ ಗ್ಯಾಪ್ 0.6. ಮೊದಲು ಪಾಯಿಂಟ್ ಗ್ಯಾಪ್, ಆಮೇಲೆ ಟೈಮಿಂಗ್. ಗ್ಯಾಪ್ ಬದಲಾಯಿಸಿದ್ರೆ ಟೈಮಿಂಗೂ ಬದಲಾಗೋದ್ರಿಂದ ಉಲ್ಟಾ ಮಾಡಿದ್ರೆ ಎರಡು ಸಲ ಕೆಲಸ. ಈ ಹಳೇ 353 ಮಾದರಿಯ ಎಂಜಿನ್‌ಗೆ ಪಿಸ್ಟನ್ ಮೇಲಿನ ತುದಿಗೆ ಬರೋಕೆ 3.5ರಿಂದ 4 ಮಿ.ಮೀ. ಮುಂಚೆ ಪಾಯಿಂಟ್ ತೆರೆಯಬೇಕು. ಅಳೆಯೋಕೆ ಡೆಪ್ತ್ ಗೇಜ್ ಇರೋ ವರ್ನಿಯರ್ ಸಾಕು. ಪ್ಲಗ್ ತೂತು ಓರೆ ಇದ್ರೆ ಅದರೊಳಗಿಂದ ಅಳೆದ ಅಂಕಿ ತಪ್ಪಾಗುತ್ತೆ, ಹೆಡ್ ಬಿಚ್ಚಿಯೇ ಅಳೀಬೇಕು. ಪಾಯಿಂಟ್ ತೆರೆಯೋ ಕ್ಷಣ ಕಣ್ಣಿಗೆ ಕಾಣಲ್ಲ. ಅದಕ್ಕೆ 6 ವೋಲ್ಟಿನ 3 ವ್ಯಾಟ್ ಬಲ್ಬಿನ ಒಂದು ತಂತಿ ಪಾಯಿಂಟ್ ಟರ್ಮಿನಲ್‌ಗೆ, ಇನ್ನೊಂದು ಎಂಜಿನ್ ಬಾಡಿಗೆ ಕೊಟ್ಟು ಕೀ ಆನ್ ಮಾಡಿ. ಪಾಯಿಂಟ್ ಮುಚ್ಚಿದ್ದಾಗ ಆರಿರುತ್ತೆ, ತೆರೆದ ತಕ್ಷಣ ಹತ್ತುತ್ತೆ. ಕೆಲಸ ಮುಗಿದ ಮೇಲೆ ಕೀ ಆಫ್ ಮಾಡೋದು ಮರೀಬೇಡಿ. ಪಾಯಿಂಟ್ ಮುಚ್ಚಿ ಕೀ ಆನ್ ಇದ್ರೆ ಹತ್ತು ಹದಿನೈದು ನಿಮಿಷದಲ್ಲಿ ಕಾಯಿಲ್ ಮುಟ್ಟೋಕೆ ಆಗದಷ್ಟು ಬಿಸಿಯಾಗುತ್ತೆ.

ಕಂಡೆನ್ಸರ್ ಕೆಟ್ಟಿದ್ರೆ ಲಕ್ಷಣ ಸ್ಪಷ್ಟ. ತಣ್ಣಗಿದ್ದಾಗ ಚೆನ್ನಾಗಿ ಓಡಿ ಬಿಸಿಯಾದ ಮೇಲೆ ಮಿಸ್ ಹೊಡೆಯುತ್ತೆ, ಪಾಯಿಂಟ್ ಮಧ್ಯೆ ಹಳದಿ ಕಿಡಿ ಚಿಮ್ಮುತ್ತೆ, ಪಾಯಿಂಟಿನ ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬ್ಬಿ ಏಳುತ್ತೆ.

ಹಳೇಚಕ್ರ:
ತುಂಬಾ ಉಪಕಾರ. ಚಕ್ರ ತಿರುಗಿಸಿದರೆ ಎಂಜಿನ್ ಪೂರ್ತಿ ಸುತ್ತುತ್ತಿದೆ, ಹಾಗಾಗಿ ತೊಂದರೆ ಕಿಕ್ಕಿನಲ್ಲೇ. ಪೋರ್ಟಿನಲ್ಲಿ ಗೀರು ಕಾಣುತ್ತಿಲ್ಲ. ಗೇರ್ ಆಯಿಲ್ ಕಪ್ಪಗಿತ್ತು, ಲೋಹ ಇಲ್ಲ. ಈಗ ಟ್ಯಾಂಕ್ ಮತ್ತು ಕಾರ್ಬೊರೇಟರ್ ಹೇಗೆ? ಇನ್ನೊಂದು: ಆಯಿಲ್ ಅಳತೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಡಬಲ್‌ಸೈಲೆನ್ಸರ್:
ಟ್ಯಾಂಕಿನ ಕಾಕ್ (ಪೆಟ್ರೋಲ್ ನಲ್ಲಿ) ಬಿಚ್ಚಿ ತೂತು ಮುಚ್ಚಿ, ಎರಡು ಹಿಡಿ ಸಣ್ಣ ನಟ್ಟು ಹಾಕಿ ಕುಲುಕಿ. ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಒಂದು ಒಳಗೆ ಉಳಿದರೂ ಕಾಕ್ ಬಾಯಿಗೆ ಬಂದು ಕೂರುತ್ತೆ. ಆಮೇಲೆ ಬಿಳಿ ವಿನಿಗರ್ ಕುತ್ತಿಗೆವರೆಗೆ ತುಂಬಿ ಎರಡು ದಿನ ಬಿಡಿ. ಚೆಲ್ಲಿ, ಒಂದು ಬಕೆಟ್ ನೀರಿಗೆ ನಾಲ್ಕು ಚಮಚ ಅಡುಗೆ ಸೋಡಾ ಕಲಸಿ ತೊಳೆಯಿರಿ, ಇಲ್ಲದಿದ್ರೆ ಉಳಿದ ಹುಳಿ ಮತ್ತೆ ತುಕ್ಕು ತರಿಸುತ್ತೆ. ಹೇರ್ ಡ್ರೈಯರಿನಿಂದ ಒಣಗಿಸಿ ಕೂಡಲೇ 100 ಎಂಎಲ್ 2ಟಿ (ಟೂ ಸ್ಟ್ರೋಕ್) ಆಯಿಲ್ ಹಾಕಿ ಎಲ್ಲ ಗೋಡೆಗೂ ಸವರೋ ಹಾಗೆ ತಿರುಗಿಸಿ. ತೊಳೆದ ತಗಡು ಒಂದು ಗಂಟೆ ಹಾಗೇ ಬಿಟ್ಟರೆ ಕಣ್ಣೆದುರೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ.

ಟ್ಯಾಂಕಿನ ಪಕ್ಕದ ಕ್ರೋಮ್ ಮೇಲೆ ಚುಕ್ಕಿ ತುಕ್ಕಿದ್ರೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಉಂಡೆ ಮಾಡಿ ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು, ಗೀಚಲ್ಲ. ಮುಕ್ಕಾಲು ಪಾಲು ಉಳಿದಿರೋ ಹಳೇ ಕ್ರೋಮನ್ನ ಹೊಸ ಪ್ಲೇಟಿಂಗಿಗೆ ಕೊಡಬೇಡಿ. ಪ್ಲೇಟಿಂಗ್ ಮಾಡೋರು ಮೊದಲು ಗ್ರೈಂಡ್ ಮಾಡ್ತಾರೆ, ತಗಡು ತೆಳುವಾಗುತ್ತೆ, ಅಂಚಿನ ಉಬ್ಬು ಕಳೆದುಹೋಗುತ್ತೆ.

ಜಿಕೋವ್ ಕಂಪನಿಯ ಕಾರ್ಬೊರೇಟರಿನ ಜೆಟ್ಟಿಗೆ (ಪೆಟ್ರೋಲ್ ಹಾಯೋ ಸಣ್ಣ ತೂತಿನ ಭಾಗ) ಸೂಜಿ, ತಂತಿ ತೂರಿಸಬೇಡಿ. ಹಿತ್ತಾಳೆ ಮೆದು, ತೂತು ಹಿಗ್ಗಿದ್ರೆ ಜೆಟ್ ಹಾಳಾದ ಹಾಗೇ. ಮೀನು ಹಿಡಿಯೋ ನೈಲಾನ್ ದಾರ, ಕಾರ್ಬ್ ಕ್ಲೀನರ್ ಸ್ಪ್ರೇ ಸಾಕು. ಹಿತ್ತಾಳೆ ಫ್ಲೋಟನ್ನ ಬಿಸಿನೀರಲ್ಲಿ ಮುಳುಗಿಸಿ ಹಿಡಿಯಿರಿ. ಗುಳ್ಳೆ ಎದ್ದರೆ ಅಲ್ಲಿ ಬಿರುಕಿದೆ. ಬೆಸುಗೆ ಹಾಕುವಾಗ ಸೀಸ ಹೆಚ್ಚಾದ್ರೆ ಫ್ಲೋಟ್ ಭಾರವಾಗಿ ಪೆಟ್ರೋಲ್ ಮಟ್ಟ ಏರುತ್ತೆ, ಅದಕ್ಕೇ ಸಣ್ಣ ಚುಕ್ಕೆ ಮಾತ್ರ.

ಯಾದವಗಿರಿ61:
ಅಳತೆಯ ಬಗ್ಗೆ. ಹಳೇ ಪುಸ್ತಕದ 1:25 ಅಂದರೆ ಲೀಟರಿಗೆ 40 ಎಂಎಲ್. ಆ ಕಾಲದಲ್ಲಿ ಹಾಕುತ್ತಿದ್ದದ್ದು ಸಾದಾ ಮಿನರಲ್ ಆಯಿಲ್. ಈಗಿನ ಜಾಸೋ ಎಫ್‌ಸಿ ಅಥವಾ ಎಫ್‌ಡಿ ದರ್ಜೆಯ 2ಟಿ ಆಯಿಲಿಗೆ ಲೀಟರಿಗೆ 30ರಿಂದ 33 ಎಂಎಲ್ ಸಾಕು. ರೀಬೋರ್ ಆದ ಮೇಲೆ ಮೊದಲ 500 ಕಿ.ಮೀ.ಗೆ ಲೀಟರಿಗೆ 50. ಬಂಕಿನಲ್ಲಿ ಟ್ಯಾಂಕಿಗೆ ನೇರವಾಗಿ ಆಯಿಲ್ ಸುರಿದು ಗಾಡಿ ಅಲ್ಲಾಡಿಸುವ ಅಭ್ಯಾಸ ಬಿಡಿ. ಆಯಿಲ್ ಕಾಕಿನ ಹತ್ತಿರ ಹೋಗಿ ಕೂರುತ್ತೆ, ಮೊದಲ ಕಿಲೋಮೀಟರ್ ಬರೀ ಹೊಗೆ, ಆಮೇಲೆ ಆಯಿಲ್ ಇಲ್ಲದ ಪೆಟ್ರೋಲು. ಕ್ಯಾನಿನಲ್ಲಿ ಮೊದಲು ಆಯಿಲ್, ಅದರ ಮೇಲೆ ಪೆಟ್ರೋಲ್ ಹಾಕಿ ಕುಲುಕಿ ಸುರಿಯಿರಿ.

ತುಂಬ ಜನ ತಪ್ಪು ತಿಳಿದಿರುವುದು ಇಲ್ಲಿದೆ. ಆಯಿಲ್ ಹೆಚ್ಚು ಹಾಕಿದರೆ ಮಿಕ್ಸ್ಚರ್ ರಿಚ್ (ಗಾಳಿಯ ಅಳತೆಗೆ ಪೆಟ್ರೋಲ್ ಹೆಚ್ಚು) ಆಗುವುದಿಲ್ಲ. ಜೆಟ್ಟಿನಲ್ಲಿ ಹೋಗುವ ದ್ರವ ಅಷ್ಟೇ, ಅದರಲ್ಲಿ ಆಯಿಲಿನ ಪಾಲು ಹೆಚ್ಚಾದರೆ ಪೆಟ್ರೋಲಿನ ಪಾಲು ಕಮ್ಮಿಯಾಗುತ್ತೆ, ಅಂದರೆ ಉರಿ ಇನ್ನೂ ಲೀನ್ (ಗಾಳಿಯ ಅಳತೆಗೆ ಪೆಟ್ರೋಲ್ ಕಮ್ಮಿ). ಸೀಝ್ ಆಗುವ ಭಯಕ್ಕೆ ಆಯಿಲ್ ಸುರಿಯುವುದರಿಂದ ಸೈಲೆನ್ಸರಿಗೆ ಕರಿ ಕಟ್ಟುತ್ತೆ ಅಷ್ಟೇ.

ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇರುತ್ತೆ. ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಅದೇ ಗಾಳಿಗೆ ಸುಮಾರು ಶೇ. 8 ಹೆಚ್ಚು ಇಂಧನ ಬೇಕು. ಆದ್ದರಿಂದ ಕಾರ್ಬೊರೇಟರ್ ಸೂಜಿಯನ್ನು ಒಂದು ಮೆಟ್ಟಿಲು ಮೇಲಕ್ಕೆತ್ತಿ, 20 ಕಿ.ಮೀ. ಓಡಿಸಿ ಪ್ಲಗ್ ನೋಡಿ. ಕಾಫಿ ಪುಡಿಯ ಬಣ್ಣ ಸರಿ. ಬೂದಿಯಂತೆ ಬಿಳಿಯಾದರೆ ಲೀನ್, ಒದ್ದೆ ಕಪ್ಪಾದರೆ ರಿಚ್ ಅಥವಾ ಸೀಲಿನ ತೊಂದರೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತೆ. ಅದಕ್ಕೇ ಎರಡು ವಾರಕ್ಕಿಂತ ಹೆಚ್ಚು ಗಾಡಿ ನಿಲ್ಲಿಸುವುದಾದರೆ ಫ್ಲೋಟ್ ಬೌಲ್ ಖಾಲಿ ಮಾಡಿ. ಹಳೇ ರಬ್ಬರ್ ಪೈಪ್, ಕಾಕಿನ ವಾಷರ್ ಎರಡೂ ಉಬ್ಬಿ ಕೊಳೆಯುತ್ತವೆ, ಬದಲಾಯಿಸಲೇಬೇಕು.

ಘಾಟಿ_ಎರಡನೇಗೇರು:
ಮಾರಾಯ್ರೆ, ಆಯಿಲಿನ ವಿಷಯ ಬಂತಲ್ಲ, ಘಾಟಿ ಇಳಿಯುವ ವಿಷಯವನ್ನೂ ಹೇಳ್ಬೇಕು. ಆಗುಂಬೆಯಲ್ಲಿ 14 ತಿರುವು ಉಂಟು. ಇಳಿಯುವಾಗ ಎಲ್ಲರೂ ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಎಂಜಿನ್ ಬ್ರೇಕಿನಲ್ಲಿ ಬಿಡ್ತಾರೆ. ಫೋರ್ ಸ್ಟ್ರೋಕಿಗೆ ಅದು ಸರಿ. ನಮ್ಮ ಜಾವಾ, ಯೆಜ್ಡಿಗೆ ಆಯಿಲ್ ಬರುದೇ ಪೆಟ್ರೋಲಿನ ಜೊತೆ. ಆಕ್ಸಿಲರೇಟರ್ ಮುಚ್ಚಿದ್ರೆ ಎಂಜಿನ್ ಜೋರು ತಿರುಗ್ತಾ ಇರ್ತದೆ, ಆಯಿಲ್ ಮಾತ್ರ ಚೂರೇ ಚೂರು. ಪಿಸ್ಟನ್ ಹಿಡಿಯುದು ಏರುವಲ್ಲಿ ಅಂತ ಹೇಳ್ತಾರೆ, ಇಳಿಯುವಲ್ಲಿಯೂ ಹಿಡೀತದೆ.

ಅದಕ್ಕೆ ಪ್ರತಿ ತಿರುವಿಗೆ ಒಮ್ಮೆ ಕ್ಲಚ್ ಹಿಡಿದು ಸಣ್ಣಕ್ಕೆ ರೇಸ್ ಕೊಡಿ. ಬ್ರೇಕ್ 160 ಮಿ.ಮೀ. ಡ್ರಮ್ಮು, ಒಂದೇ ಸಮ ಹಿಡಿದ್ರೆ ಬಿಸಿಯಾಗಿ ಹಿಡಿಯುದಿಲ್ಲ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳೀಬೇಕು. ಹಳೇ ಬ್ರೇಕ್ ಶೂ ಬದಲಾಯಿಸುವಾಗ ಡ್ರಮ್ಮಿನ ಹುಡಿಯನ್ನು ಊದ್ಲಿಕ್ಕೆ ಹೋಗ್ಬೇಡಿ. ಆ ಕಾಲದ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಉಂಟು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿ ಬಿಸಾಡಿ.

ಓಡುವಾಗ ಎಂಜಿನ್ ಸ್ವರ ಥಟ್ಟನೆ ದಪ್ಪ ಆಗಿ ಗಾಡಿ ಎಳೆಯುದು ಕಮ್ಮಿಯಾದ್ರೆ, ಯೋಚನೆ ಮಾಡ್ಲಿಕ್ಕೆ ಹೋಗ್ಬೇಡಿ, ಕ್ಲಚ್ ಹಿಡೀರಿ. ಎರಡು ಬೆರಳು ಯಾವಾಗಲೂ ಕ್ಲಚ್ಚಿನ ಮೇಲೆಯೇ ಇರ್ಬೇಕು.

ಹುಬ್ಬಳ್ಳಿ_ಕಿಕ್ಕರ್:
ಕಿಕ್ ಹೊಡಿಯೂ ರೀತಿನೂ ಬರದಬಿಡ್ತೀನಿ, ಹೊಸ ಹುಡುಗ್ರಿಗೆ ಗೊತ್ತಿರಂಗಿಲ್ಲ. ಎಂಜಿನ್ ತಣ್ಣಗಿದ್ದಾಗ ಕಾಕ್ ತಗದು, ಕಾರ್ಬೊರೇಟರ್ ಮ್ಯಾಲಿನ ಟಿಕ್ಲರ್ ಗುಂಡಿ ಒತ್ತಿ ಹಿಡೀರಿ, ಪೆಟ್ರೋಲ್ ಬೆರಳಿಗೆ ಹತ್ತಿದ ಕೂಡ್ಲೆ ಬಿಡ್ರಿ. ಗೇರ್ ಲಿವರನ್ನ ಎಂಜಿನ್ ಕಡೆ ಒಳಗ ಒತ್ತಿ ಮ್ಯಾಲಕ್ಕ ತಿರಗಸ್ರಿ, ಅದ ಕಿಕ್ ಲಿವರ್ ಆತು. ಕೀ ಆಫ್ ಇಟ್ಟ ಎರಡು ಕಿಕ್ ನಿಧಾನಕ ಹೊಡೀರಿ, ಕ್ರ್ಯಾಂಕ್‌ಕೇಸಿಗೆ ಗ್ಯಾಸ್ ತುಂಬ್ತದ. ಈಗ ಕೀ ಹಾಕಿ ಒಂದ ಒಳ್ಳೆ ಕಿಕ್. ಮೊದಲ ಒಂದು ಕೆಮ್ಮು, ಆಮ್ಯಾಲ ಎರಡೂ ಕಡೆ ನೀಲಿ ಹೊಗಿ, ಆಮ್ಯಾಲ ಆ ಡುಗು ಡುಗು ಡುಗು. ಆ ಸಪ್ಪಳಾ ಬ್ಯಾರೆ ಯಾವ ಗಾಡಿಗೂ ಇಲ್ರಿ. ಐಡ್ಲಿಂಗ್ ಒಳಗ ನಡನಡುವ ಒಂದು ಹೊಡತ ಬಿಟ್ಟ ಬಿಟ್ಟ ಬರೂದು ಟೂ ಸ್ಟ್ರೋಕಿನ ಸ್ವಭಾವ. ಅದನ್ನ ಸರಿ ಮಾಡಾಕ ಹೋಗಿ ಏರ್ ಸ್ಕ್ರೂ ತಿರುವಿ ಲೀನ್ ಮಾಡಬ್ಯಾಡ್ರಿ.

ಗಾಡಿ ನಿಲ್ಲಿಸಿದಾಗ ಕಾಕ್ ಬಂದ್ ಮಾಡಲಿಕ್ಕೇ ಬೇಕು. ಮರತ್ರ ಪೆಟ್ರೋಲ್ ಕೆಳಗ ಇಳದು ಕ್ರ್ಯಾಂಕ್‌ಕೇಸ್ ತುಂಬ್ತದ. ಹಂಗಾದ್ರ ಕಾಕ್ ಬಂದ್, ಪ್ಲಗ್ ಹೊರಗ, ಆಕ್ಸಿಲರೇಟರ್ ಪೂರ್ತಿ ತಗದು ಹದಿನೈದು ಕಿಕ್ ಹೊಡದು ಖಾಲಿ ಮಾಡ್ರಿ.

ಹಳೇಚಕ್ರ:
ಸ್ಟಾರ್ಟ್ ಆಯ್ತು! ಆದರೆ ಹೊಸ ಸಮಸ್ಯೆ. ಇಪ್ಪತ್ತು ನಿಮಿಷ ಓಡಿದ ಮೇಲೂ ಹೊಗೆ ನಿಲ್ಲುತ್ತಿಲ್ಲ, ಬಿಳಿ ದಟ್ಟ ಹೊಗೆ. ಲೀಟರಿಗೆ 33 ಎಂಎಲ್ ಅಷ್ಟೇ ಹಾಕಿದ್ದು. ಅಳೆದು ಹಾಕಿದ್ದ 1 ಲೀಟರ್ ಗೇರ್ ಆಯಿಲ್ ಇಳಿಸಿದರೆ 800 ಎಂಎಲ್ ಬಂತು. ಕೆಳಗೆ ಎಲ್ಲೂ ಸೋರಿಲ್ಲ.

ಪಾಯಿಂಟ್_ನಾಲ್ಕು:
200 ಎಂಎಲ್ ಎಂಜಿನ್ನೇ ಕುಡಿದಿದೆ. ಎಡಗಡೆ ಕ್ರ್ಯಾಂಕ್ ಸೀಲ್ ಗಟ್ಟಿಯಾಗಿದೆ. ಪಿಸ್ಟನ್ ಮೇಲೆ ಹೋದಾಗ ಕ್ರ್ಯಾಂಕ್‌ಕೇಸಿನಲ್ಲಿ ಎಳೆತ ಹುಟ್ಟುತ್ತೆ, ಅದು ಕಾರ್ಬೊರೇಟರಿನಿಂದ ಗ್ಯಾಸ್ ಎಳೆದುಕೊಳ್ಳೋ ಜೊತೆಗೆ ಸೀಲಿನ ಸಂದಿಯಿಂದ ಗೇರ್ ಆಯಿಲನ್ನೂ ಎಳೆಯುತ್ತೆ. ಕೆಲವು ಸಲ ಇದೇ ಸೀಲಿನಿಂದ ಉಲ್ಟಾ ಪೆಟ್ರೋಲ್ ಗೇರ್ ಬಾಕ್ಸಿಗೆ ಹೋಗಿ ಆಯಿಲ್ ಮಟ್ಟ ಏರುತ್ತೆ, ಪೆಟ್ರೋಲ್ ವಾಸನೆ ಬರುತ್ತೆ.

ಬಲಗಡೆ, ಡೈನಮೊ ಕಡೆಯ ಸೀಲ್ ಹೋದರೆ ಹೊಗೆ ಬರಲ್ಲ. ಅದಕ್ಕೇ ಅದು ಹೆಚ್ಚು ಅಪಾಯ. ಬರೀ ಗಾಳಿ ಎಳೆದು ಲೀನ್ ಆಗಿ, ಆಕ್ಸಿಲರೇಟರ್ ಬಿಟ್ಟರೂ ರೇಸ್ ಕೂಡಲೇ ಇಳಿಯಲ್ಲ, ಹೆಡ್ ಕಾಯುತ್ತೆ, ಕೊನೆಗೆ ಪಿಸ್ಟನ್ ಹಿಡಿಯುತ್ತೆ. ಪಾಯಿಂಟ್ ಕವರ್ ತೆಗೆದಾಗ ಒಳಗೆ ಎಣ್ಣೆಯ ಮಂಜು ಕಂಡರೆ ಆ ಸೀಲೂ ಹೋಗಿದೆ ಅಂತ ಲೆಕ್ಕ.

ಬಿಚ್ಚೋ ಮುಂಚೆ ಗಾಳಿ ಪರೀಕ್ಷೆ ಮಾಡಿ. ಎರಡೂ ಎಕ್ಸಾಸ್ಟ್ ಪೋರ್ಟಿಗೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿದ ಬೆಣೆ ಬಿಗಿದು ಮುಚ್ಚಿ, ಕಾರ್ಬೊರೇಟರ್ ಜಾಗಕ್ಕೆ ತಗಡು ಕೂರಿಸಿ, ಅದರಲ್ಲಿ ಟ್ಯೂಬ್ ವಾಲ್ವ್ ಬೆಸೆದು ಕೈಪಂಪಿನಿಂದ 6 ಪಿಎಸ್‌ಐ ತುಂಬಿ. ಜಾಸ್ತಿ ತುಂಬಿದ್ರೆ ಒಳ್ಳೆ ಸೀಲೂ ಜಾಗ ಬಿಟ್ಟು ಹೊರಬರುತ್ತೆ. ನಿಮಿಷಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳಿದ್ರೆ ಸೋರಿಕೆ ಇದೆ. ಸೋಪಿನ ನೀರು ಹಚ್ಚಿ ನೋಡಿ: ಸಿಲಿಂಡರ್ ಬುಡ, ಹೆಡ್, ಕ್ರ್ಯಾಂಕ್‌ಕೇಸ್ ಜೋಡಣೆ, ಡೈನಮೊ ಕಡೆ. ಎಲ್ಲೂ ಗುಳ್ಳೆ ಇಲ್ಲದೆ ಒತ್ತಡ ಇಳಿಯುತ್ತಿದ್ರೆ ಅದು ಗೇರ್ ಬಾಕ್ಸಿಗೇ ಹೋಗ್ತಿದೆ. ಗೇರ್ ಆಯಿಲ್ ಹಾಕೋ ತೂತಿಗೆ ಕಿವಿ ಇಟ್ಟರೆ ಸುಯ್ ಅನ್ನೋದು ಕೇಳುತ್ತೆ.

ಯಾದವಗಿರಿ61:
ಹೇಗೂ ಎಂಜಿನ್ ಇಳಿಸಬೇಕು. ಅದಕ್ಕೇ ಒಂದು ಸೀಲು ಅಂತ ಹೋಗಬೇಡಿ. ಎರಡೂ ಸೀಲು, ಮೇನ್ ಬೇರಿಂಗುಗಳು, ಗ್ಯಾಸ್ಕೆಟ್ ಸೆಟ್ಟು ಮತ್ತು ಕಿಕ್ಕಿನ ಭಾಗಗಳು ಒಟ್ಟಿಗೇ ತನ್ನಿ. ಬೇರಿಂಗ್ ಮೇಲೆ ಕೆತ್ತಿದ ನಂಬರ್ ಓದಿಯೇ ತಗೊಳ್ಳಿ, ಕೊನೆಯಲ್ಲಿ ಸಿ3 ಅಂತ ಇರಬೇಕು. ಟೂ ಸ್ಟ್ರೋಕ್ ಕ್ರ್ಯಾಂಕ್ ಬಿಸಿಗೆ ಹಿಗ್ಗಿದಾಗ ಸಿ3ಗೆ ಸಾದಾ ಬೇರಿಂಗಿಗಿಂತ ಒಳಗೆ ಹೆಚ್ಚು ಜಾಗ ಇರುತ್ತೆ. ಸೀಲು ವೈಟಾನ್ ಎಂಬ ವಿಶೇಷ ರಬ್ಬರಿನದು ಸಿಕ್ಕರೆ ಎರಡು ಪಟ್ಟು ಬೆಲೆಯಾದರೂ ತಗೊಳ್ಳಿ, ಎಥನಾಲಿಗೆ ಸಾದಾ ರಬ್ಬರಿಗಿಂತ ಚೆನ್ನಾಗಿ ತಡೆಯುತ್ತೆ. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ, ಶಿವಾಜಿನಗರದ ಹಳೇ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ. ಹಳೇ ಭಾಗ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಜಾವಾ, ಯೆಜ್ಡಿ ರೋಡ್‌ಕಿಂಗ್ ಎರಡರ ಭಾಗವೂ ಒಂದೇ ಎನ್ನುವ ಮಾತು ಅನೇಕ ಭಾಗಗಳಿಗೆ ಸುಳ್ಳು. ಪುಟ್ಟ ಯೆಜ್ಡಿ 60 ಕೋಲ್ಟ್ ಇಟ್ಟುಕೊಂಡಿರುವವರಿಗೆ ಕಷ್ಟ ಇನ್ನೂ ಜಾಸ್ತಿ, ಅದರ ಪಿಸ್ಟನ್ ಕಂಡರೆ ಬಿಡದೆ ಒಂದು ತೆಗೆದಿಡಿ.

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಂಪನಿಯ ಕಾರ್ಖಾನೆ 1996ರಲ್ಲಿ ಮುಚ್ಚಿತು. 60ರ ದಶಕದ ಆರಂಭದಿಂದ ಅಲ್ಲಿ ಮೊದಲು ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಲ್ಲಿ ಗಾಡಿ ಹೊರಬಂದವು. ಜಾವಾ ಎಂದರೆ ಚೆಕ್ ದೇಶದ ಯಾನೆಚೆಕ್ ಮತ್ತು ಜರ್ಮನಿಯ ವಾಂಡರರ್, ಎರಡು ಹೆಸರಿನ ಮೊದಲಕ್ಷರ. ಯೆಜ್ಡಿ ಎಂದರೆ ಇರಾನಿನ ಯಜ್ದ್ ಊರಿನವರು ಎಂದರ್ಥ. ಐಡಿಯಲ್ ಜಾವಾ ಕಟ್ಟಿದ ಇರಾನಿ ಕುಟುಂಬದ ಬೇರು ಅಲ್ಲಿನದು. ಮೈಸೂರಿನಲ್ಲಿ ತಯಾರಾದ ಒರಿಜಿನಲ್ ಭಾಗದ ಮೇಲೆ ಮುದ್ರೆ ಇದ್ದರೆ ಸವೆದಿದ್ದರೂ ಎಸೆಯಬೇಡಿ, ಒಳ್ಳೆ ಲೇತ್‌ನವರು ಅನೇಕವನ್ನು ಉಳಿಸಿಕೊಡುತ್ತಾರೆ.

ಮರೂನ್250:
ಎಂಜಿನಿಗೆ ದುಡ್ಡು ಹಾಕೋ ಮೊದಲು ಕಾಗದ ನೋಡಿ. ಹೆಡ್‌ಸ್ಟಾಕಿನ (ಹ್ಯಾಂಡಲ್ ಕೂರೋ ಫ್ರೇಮಿನ ಭಾಗ) ಮೇಲಿನ ಚಾಸಿಸ್ ನಂಬರ್, ಕ್ರ್ಯಾಂಕ್‌ಕೇಸಿನ ಎಂಜಿನ್ ನಂಬರ್ ಎರಡೂ ಆರ್‌ಸಿ ಪುಸ್ತಕದ ಜೊತೆ ತಾಳೆಯಾಗಬೇಕು. ಪೇಂಟಿಗೆ ಮುಂಚೆ ಸ್ಯಾಂಡ್ ಬ್ಲಾಸ್ಟ್ ಮಾಡೋರಿಗೆ ಆ ಜಾಗಕ್ಕೆ ಟೇಪ್ ಹಾಕಿಸಿ, ನಂಬರ್ ಅಳಿದರೆ ಮುಂದೆ ಬಹಳ ಕಷ್ಟ. ಹಳೇ ಮೈಸೂರು ರಾಜ್ಯದ ನಂಬರಿನ ಪುಸ್ತಕವಾದ್ರೆ ಕಂಪ್ಯೂಟರಿನಲ್ಲಿ ಏರಿಸಿಲ್ಲದೆ ಇರಬಹುದು. ಆಗ ನೋಂದಣಿಯಾದ ಆರ್‌ಟಿಒದಲ್ಲೇ ಹಳೇ ದಾಖಲೆ ಸೇರಿಸೋಕೆ ಅರ್ಜಿ ಕೊಡಬೇಕು.

50 ವರ್ಷ ದಾಟಿದ, ಮೂಲ ಸ್ವರೂಪ ಬದಲಾಗದ ಗಾಡಿಗೆ 2021ರ ಕೇಂದ್ರದ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತೆ, ನಂಬರಿನಲ್ಲಿ ವಿಎ ಅಕ್ಷರ ಇರುತ್ತೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಚಾಲ್ತಿ, ಮರುನೋಂದಣಿಗೆ 5,000. ಆದರೆ ಆ ನಂಬರಿನಲ್ಲಿ ದಿನಾ ಓಡಾಡೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದಕ್ಕೆ ಮಾತ್ರ. ಕೆಲಸಕ್ಕೆ, ಪೇಟೆಗೆ ಓಡಿಸಬೇಕು ಅಂತಿದ್ರೆ ಮಾಮೂಲಿ ಆರ್‌ಸಿಯನ್ನೇ ಫಾರ್ಮ್ 25ರಲ್ಲಿ ಐದೈದು ವರ್ಷಕ್ಕೆ ನವೀಕರಿಸೋದು ಒಳ್ಳೇದು. ಇವು ಓಡಾಡೋಕೆ ಹುಟ್ಟಿದ ಗಾಡಿಗಳು.

ಡಬಲ್‌ಸೈಲೆನ್ಸರ್:
ಎಂಜಿನ್ ಇಳಿದಿರುವಾಗಲೇ ಸೈಲೆನ್ಸರ್ ಕೆಲಸ ಮುಗಿಸಿ. ಗೇರ್ ಆಯಿಲ್ ಸುಟ್ಟ ಗಾಡಿಯಲ್ಲಿ ಒಳಗಿನ ಬ್ಯಾಫಲ್ (ಸದ್ದು ತಗ್ಗಿಸೋ ಭಾಗ) ಟಾರಿನಂಥ ಕರಿಯಿಂದ ಮುಚ್ಚಿರುತ್ತೆ. ಬ್ಯಾಫಲ್ ಹೊರಗೆಳೆದು, 1 ಲೀಟರ್ ನೀರಿಗೆ 200 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ ಕಬ್ಬಿಣದ ಡಬ್ಬದಲ್ಲಿ ಒಂದು ರಾತ್ರಿ ನೆನೆಹಾಕಿ. ಸೋಡಾವನ್ನ ನೀರಿಗೆ ಹಾಕಬೇಕು, ನೀರನ್ನ ಸೋಡಾಕ್ಕೆ ಅಲ್ಲ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಅಲ್ಯೂಮಿನಿಯಂ ಭಾಗ ಅದರ ಹತ್ತಿರವೂ ತರಬೇಡಿ, ಕರಗಿಹೋಗುತ್ತೆ. ಸದ್ದು ಜೋರಾಗಲಿ ಅಂತ ಬ್ಯಾಫಲ್ ಬಿಟ್ಟು ಖಾಲಿ ಸೈಲೆನ್ಸರ್ ಹಾಕೋರಿದ್ದಾರೆ. ಟೂ ಸ್ಟ್ರೋಕಿನಲ್ಲಿ ಹೊಸ ಗ್ಯಾಸ್ ಸಿಲಿಂಡರಿನಲ್ಲಿ ಉಳಿಯೋಕೆ ಸೈಲೆನ್ಸರಿನಿಂದ ವಾಪಸ್ ಬರೋ ಒತ್ತಡವೂ ಬೇಕು. ಬ್ಯಾಫಲ್ ತೆಗೆದರೆ ಮಧ್ಯದ ರೇಸಿನಲ್ಲಿ ಎಳೆತ ಬಿದ್ದುಹೋಗುತ್ತೆ.

ಪಿಸ್ಟನ್ ಹೊಸದಾದರೆ ರಿಂಗನ್ನ ಬರೀ ಬೋರಿನೊಳಗೆ ಇಟ್ಟು ತುದಿಗಳ ಗ್ಯಾಪ್ ಅಳೆಯಿರಿ, 0.2ರಿಂದ 0.3 ಮಿ.ಮೀ. ಇರಲಿ. ರೀಬೋರ್ ಮಾಡಿದ ಲೇತ್‌ನವರು ಪೋರ್ಟಿನ ಅಂಚನ್ನ ಮೊಂಡು ಮಾಡಿದ್ದಾರಾ ಅಂತ ಬೆರಳಿನಿಂದ ಸವರಿ ನೋಡಿ. ಅಂಚು ಚೂಪಾಗಿ ಬಿಟ್ಟಿದ್ರೆ ಹೊಸ ರಿಂಗ್ ಒಂದೇ ದಿನದಲ್ಲಿ ಸಿಕ್ಕಿ ಮುರಿಯುತ್ತೆ. ಪಿಸ್ಟನ್ ಮೇಲಿನ ಬಾಣ ಎಕ್ಸಾಸ್ಟ್ ಕಡೆಗೆ, ಗಜನ್ ಪಿನ್ನಿನ (ಪಿಸ್ಟನ್ ಹಿಡಿದಿಡೋ ಪಿನ್) ಲಾಕ್ ಎರಡೂ ಹೊಸದು. ಲಾಕ್ ಕೂರಿಸುವಾಗ ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿ. ಒಂದು ಲಾಕ್ ಒಳಗೆ ಬಿದ್ದರೆ ಪೂರ್ತಿ ಮತ್ತೆ ಬಿಚ್ಚಬೇಕು.

ಪಾಯಿಂಟ್_ನಾಲ್ಕು:
ಜೋಡಿಸುವಾಗ ಕ್ರ್ಯಾಂಕನ್ನ ಲೇತ್‌ನಲ್ಲಿ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಿ, ಓಲಾಟ 0.03 ಮಿ.ಮೀ. ಒಳಗಿರಲಿ. ಜಾಸ್ತಿ ಇದ್ರೆ ಹೊಸ ಸೀಲೂ ಬೇಗ ಸವೆಯುತ್ತೆ, ಪಾಯಿಂಟ್ ಗ್ಯಾಪ್ ಕೂಡ ನಿಲ್ಲಲ್ಲ. ಸೀಲಿನ ತುಟಿಗೆ ಗ್ರೀಸ್ ಸವರಿ ಕೂರಿಸಿ, ಒಣ ಸೀಲ್ ಮೊದಲ ನಿಮಿಷದಲ್ಲೇ ಸುಡುತ್ತೆ. ಎಲ್ಲ ಜೋಡಿಸಿದ ಮೇಲೆ ಪೆಟ್ರೋಲ್ ಹಾಕೋ ಮುಂಚೆ ಅದೇ ಗಾಳಿ ಪರೀಕ್ಷೆ ಇನ್ನೊಂದು ಸಲ: 6 ಪಿಎಸ್‌ಐ, ಆರು ನಿಮಿಷ.

ಹಳೇಚಕ್ರ:
ಸೀಲು, ಬೇರಿಂಗು, ಗ್ಯಾಸ್ಕೆಟ್ ಪಟ್ಟಿ ಬರೆದುಕೊಂಡೆ. ಹೆಡ್ ನಟ್ಟು ಎಷ್ಟು ಬಿಗಿ?

ಹುಬ್ಬಳ್ಳಿ_ಕಿಕ್ಕರ್:
ಒಂದ ಸಲಕ್ಕ ಪೂರ್ತಿ ಬಿಗೀಬ್ಯಾಡ್ರಿ. ಎದುರು ಬದುರಿನ ನಟ್ಟು ಸ್ವಲ್ಪ ಸ್ವಲ್ಪ, ಮೂರು ಸುತ್ತಿನ್ಯಾಗ ಬಿಗಿ ಮಾಡ್ರಿ. ಉದ್ದ ಪೈಪ್ ಹಾಕಿ ತಿರುವಬ್ಯಾಡ್ರಿ, ಅಲ್ಯೂಮಿನಿಯಂ ಕೇಸಿನ ಥ್ರೆಡ್ ಕಿತ್ತು ಬರ್ತದ. ಸಾದಾ ರಿಂಗ್ ಸ್ಪ್ಯಾನರ್, ಒಂದ ಕೈ ಜೋರು ಸಾಕು. ಮೊದಲ ಸಲ ಹತ್ತು ನಿಮಿಷ ಓಡಿಸಿ ಬಂದ್ ಮಾಡ್ರಿ, ರಾತ್ರಿಯೆಲ್ಲಾ ಆರಲಿ, ಮುಂಜಾನೆ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಇನ್ನೊಮ್ಮೆ ಬಿಗಿ ನೋಡ್ರಿ. ನಟ್ಟು ಇನ್ನೂ ಸ್ವಲ್ಪ ತಿರುಗಬಹುದು. ಜುಲೈ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ ಐತಿ, ಅಷ್ಟರೊಳಗ 500 ಕಿ.ಮೀ. ರನ್ನಿಂಗ್ ಮುಗಸ್ರಿ: ಲೀಟರಿಗೆ 50 ಎಂಎಲ್ ಆಯಿಲ್, 50ರ ಒಳಗಿನ ಸ್ಪೀಡು, ಅರ್ಧಾ ತಾಸಿಗೊಮ್ಮೆ ನಿಲ್ಲಿಸಿ ಎಂಜಿನ್ ಆರಸ್ರಿ.